ಸ್ಪಾನ್: ಒಂದು ಕರಾಳ ಕಾಮಿಕ್ ಸರಣಿ ಬೆಳೆದು ಬಂದ ದಾರಿ – ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪಾನ್ ಯಾರು? ಆತನ ಕಥೆಯ ತಿರುಳೇನು?

ಸ್ಪಾನ್ ಎಂಬುದು ಟಾಡ್ ಮೆಕ್‌ಫಾರ್ಲೇನ್ ಸೃಷ್ಟಿಸಿದ, 1992ರಲ್ಲಿ ಆರಂಭವಾಗಿ ಇಂದಿಗೂ ನಡೆದುಬರುತ್ತಿರುವ ಅಮೆರಿಕದ ಕಾಮಿಕ್ ಸರಣಿ. ಆಲ್ ಸಿಮನ್ಸ್ ಎಂಬ ಕಪ್ಪುವರ್ಣೀಯ ಸೈನಿಕ ತನ್ನ ಸರ್ಕಾರಕ್ಕಾಗಿ ಗುಟ್ಟಾಗಿ ಕೊಲೆಗಳನ್ನು ಮಾಡುತ್ತಿದ್ದವನು. ಮೇಲಧಿಕಾರಿ ಜೇಸನ್ ವಿನ್ ಹೂಡಿದ ಸಂಚಿಗೆ ಬಲಿಯಾಗಿ, ಸುಟ್ಟು ಸತ್ತು ನರಕ ಸೇರುವ ಆತನಿಗೆ ಅಲ್ಲಿಯೂ ಹೆಂಡತಿ ವಾಂಡಾಳದೇ ಧ್ಯಾನ. ಅವಳನ್ನು ಮತ್ತೊಮ್ಮೆ ಕಣ್ತುಂಬ ನೋಡುವ ಆಸೆಯಿಂದ ಮಾಲೆಬೋಲ್ಜಿಯಾ ಎಂಬ ನರಕದ ಅಧಿಪತಿಗೆ ತನ್ನ ಆತ್ಮವನ್ನೇ ಬರೆದುಕೊಟ್ಟು, ಅವನ ಸೇನೆಯ ಮುಂದಾಳಾಗಲು ಒಪ್ಪಿಕೊಳ್ಳುತ್ತಾನೆ.

ಸ್ಪಾನ್ ಎಂಬ ನರಕದ ಯೋಧನಾಗಿ ಆತ ಭೂಮಿಗೆ ಮರಳುವ ಹೊತ್ತಿಗೆ 5 ವರ್ಷಗಳು ಕಳೆದುಹೋಗಿರುತ್ತವೆ. ಮೈಯೆಲ್ಲ ಸುಟ್ಟ ಗಾಯ, ನೆನಪುಗಳೆಲ್ಲ ಚೂರುಚೂರು. ವಾಂಡಾ ಆತನ ಆಪ್ತ ಗೆಳೆಯ ಟೆರಿಯನ್ನು ಮದುವೆಯಾಗಿ, ಸಯಾನ್ ಎಂಬ ಪುಟ್ಟ ಹುಡುಗಿಯ ತಾಯಿಯಾಗಿದ್ದಾಳೆ. ಒಪ್ಪಂದದ ಅಕ್ಷರಕ್ಷರವೂ ನೆರವೇರಿದೆ, ಏಕೆಂದರೆ ಆತ ಕೇಳಿದ್ದು ಅವಳನ್ನು ನೋಡುವ ಅವಕಾಶವನ್ನೇ ಹೊರತು ಅವಳ ಜೊತೆ ಬಾಳುವ ಅವಕಾಶವನ್ನಲ್ಲ. ಈ ಸರಣಿಯ ಕತ್ತಲೆ ರಕ್ತದಲ್ಲೋ ಸರಪಳಿಗಳಲ್ಲೋ ಇಲ್ಲ, ಈ ಒಪ್ಪಂದದಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸರಣಿ ಹುಟ್ಟಿದ್ದೂ ಒಪ್ಪಂದಗಳ ಜಗಳದಿಂದ, ಅದಕ್ಕೆ ಅತಿ ದೊಡ್ಡ ಪೆಟ್ಟು ಬಿದ್ದದ್ದೂ ಒಂದು ಒಪ್ಪಂದದಿಂದಲೇ.

ಆತನನ್ನು ಸೂಪರ್‌ಹೀರೋ ಎನ್ನದೆ ಆಂಟಿ ಹೀರೋ ಎನ್ನುವುದೇಕೆ?

ಆತ ಮಾಡುವ ಒಳಿತೂ ನರಕದಿಂದ ಬಂದ ಶಕ್ತಿಯಿಂದಲೇ ನಡೆಯಬೇಕು, ಮತ್ತು ಆ ಒಳಿತನ್ನು ಆತ ಮಾಡುವ ರೀತಿಯನ್ನು ಓದುಗರು ಸುಲಭವಾಗಿ ಒಪ್ಪಿಕೊಳ್ಳಲಾರರು. 5ನೇ ಸಂಚಿಕೆ ಇದಕ್ಕೆ ಸರಿಯಾದ ಉದಾಹರಣೆ. ಮಕ್ಕಳನ್ನು ಕೊಂದ ಬಿಲ್ಲಿ ಕಿಂಕೇಡ್ ಎಂಬಾತ ಬಿಡುಗಡೆಯಾಗಿ ಹೊರಬಂದು, ಐಸ್‌ಕ್ರೀಮ್ ಗಾಡಿಯನ್ನೇ ಬಲೆಯಾಗಿಸಿಕೊಂಡು ಮತ್ತೆ ಬೇಟೆಗಿಳಿಯುತ್ತಾನೆ. ಸ್ಪಾನ್ ಅವನನ್ನು ಪೊಲೀಸರಿಗೆ ಒಪ್ಪಿಸುವುದಿಲ್ಲ, ಕೊಂದೇ ಬಿಡುತ್ತಾನೆ. ಸರಪಳಿಯಲ್ಲಿ ನೇತಾಡುವ ಆ ಶವದ ತುಂಬ ಐಸ್‌ಕ್ರೀಮ್ ಕಡ್ಡಿಗಳನ್ನು ಚುಚ್ಚಲಾಗಿರುತ್ತದೆ. ಆ ಪುಟವನ್ನು ಮೊದಲ ಬಾರಿ ನೋಡಿದವರಿಗೆ ಒಂದು ಕ್ಷಣ ನ್ಯಾಯ ಸಿಕ್ಕಿತೆಂಬ ಸಮಾಧಾನ, ಮರುಕ್ಷಣ ಹಾಗೆ ಸಮಾಧಾನಪಟ್ಟುಕೊಂಡದ್ದಕ್ಕೆ ಕಸಿವಿಸಿ. ಈ ಎರಡನ್ನೂ ಒಟ್ಟಿಗೆ ಹುಟ್ಟಿಸಬಲ್ಲ ಪಾತ್ರವನ್ನು ನಾಯಕನೆನ್ನಲು ನಾಲಿಗೆ ಹೊರಳುವುದಿಲ್ಲ, ಖಳನೆನ್ನಲು ಮನಸ್ಸು ಬರುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಅಂಶವಿದೆ. ಆರಂಭದ ಸಂಚಿಕೆಗಳಲ್ಲಿ ಆತನ ಶಕ್ತಿಗೆ ಒಂದು ಲೆಕ್ಕವಿತ್ತು. 9:9:9:9 ಎಂದು ಶುರುವಾಗುವ ಎಣಿಕೆ ಆತ ಶಕ್ತಿ ಬಳಸಿದಷ್ಟೂ ಇಳಿಯುತ್ತದೆ, ಸೊನ್ನೆ ಮುಟ್ಟಿದ ದಿನ ಆತ ಮತ್ತೆ ನರಕದ ಪಾಲು. ಹಾಗಾಗಿ ಯಾರನ್ನಾದರೂ ಉಳಿಸಬೇಕೆಂದರೆ ಆತ ತನ್ನ ಉಳಿದಿರುವ ಆಯುಷ್ಯದಿಂದಲೇ ಬೆಲೆ ತೆರಬೇಕಿತ್ತು. ನ್ಯೂಯಾರ್ಕಿನ ಗಲ್ಲಿಯೊಂದರಲ್ಲಿ ನಿರ್ಗತಿಕರ ನಡುವೆ ಮುದುಡಿ ಕೂತು, ಈ ಶಕ್ತಿಯನ್ನು ಖರ್ಚು ಮಾಡಲೋ ಬೇಡವೋ ಎಂದು ತೂಗಿನೋಡುವ ಸ್ಪಾನ್ ಯಾವ ಯುದ್ಧದ ದೃಶ್ಯಕ್ಕಿಂತಲೂ ಹೆಚ್ಚು ಮನಸ್ಸಿನಲ್ಲಿ ನಿಲ್ಲುತ್ತಾನೆ. ವರ್ಷಗಳು ಕಳೆದಂತೆ ಈ ಎಣಿಕೆ ಹಿನ್ನೆಲೆಗೆ ಸರಿದದ್ದು ಸರಣಿಗಾದ ನಷ್ಟವೆಂದೇ ನಾನು ಭಾವಿಸುತ್ತೇನೆ.

ಈ ಸರಣಿ ಹುಟ್ಟಿದ್ದು ಯಾವ ಸಂದರ್ಭದಲ್ಲಿ?

ಕೆನಡಾದ ಕ್ಯಾಲ್ಗರಿಯಲ್ಲಿ 1961ರಲ್ಲಿ ಹುಟ್ಟಿದ ಮೆಕ್‌ಫಾರ್ಲೇನ್ ಸ್ಪಾನ್‌ನ ಮೊದಲ ರೂಪವನ್ನು ಶಾಲೆಯಲ್ಲಿದ್ದಾಗಲೇ ಬಿಡಿಸಿದ್ದರು. ಆದರೆ ಅವರಿಗೆ ಹೆಸರು ತಂದುಕೊಟ್ಟದ್ದು ಮಾರ್ವೆಲ್ ಸಂಸ್ಥೆಯ ಸ್ಪೈಡರ್‌ಮ್ಯಾನ್. ಅವರೇ ಬರೆದು ಚಿತ್ರಿಸಿದ ಹೊಸ ಸ್ಪೈಡರ್‌ಮ್ಯಾನ್ ಸರಣಿಯ ಮೊದಲ ಸಂಚಿಕೆ 1990ರಲ್ಲಿ ಸುಮಾರು 25 ಲಕ್ಷ ಪ್ರತಿಗಳಷ್ಟು ಮಾರಾಟವಾಯಿತು. ಅಷ್ಟು ದೊಡ್ಡ ಗೆಲುವು ಕಂಡರೂ ಆ ಪಾತ್ರದ ಮೇಲಾಗಲಿ, ತಾವು ಅದಕ್ಕೆ ಹೊಸದಾಗಿ ಸೇರಿಸಿದ್ದರ ಮೇಲಾಗಲಿ ಚಿತ್ರಕಾರನಿಗೆ ಒಡೆತನವಿರಲಿಲ್ಲ. ದೊಡ್ಡ ಪ್ರಕಾಶನ ಸಂಸ್ಥೆಗಳಲ್ಲಿ ಆಗ ನಡೆದುಕೊಂಡು ಬಂದಿದ್ದ ಪದ್ಧತಿಯೇ ಅದು: ದುಡಿಮೆಗೆ ಕೂಲಿ, ಜೊತೆಗೆ ಒಂದಿಷ್ಟು ರಾಯಧನ, ಹಕ್ಕು ಮಾತ್ರ ಸಂಸ್ಥೆಯದು.

ಈ ಅಸಮಾಧಾನದಿಂದ ಮೆಕ್‌ಫಾರ್ಲೇನ್, ಜಿಮ್ ಲೀ, ರಾಬ್ ಲೀಫೆಲ್ಡ್, ಮಾರ್ಕ್ ಸಿಲ್ವೆಸ್ಟ್ರಿ, ಎರಿಕ್ ಲಾರ್ಸನ್, ಜಿಮ್ ವ್ಯಾಲೆಂಟಿನೊ ಮತ್ತು ವಿಲ್ಸ್ ಪೊರ್ಟಾಸಿಯೊ ಮಾರ್ವೆಲ್‌ನಿಂದ ಹೊರಬಂದು 1992ರಲ್ಲಿ ಇಮೇಜ್ ಕಾಮಿಕ್ಸ್ ಕಟ್ಟಿದರು. ಕೃತಿಯ ಹಕ್ಕು ಸೃಷ್ಟಿಸಿದವರಲ್ಲಿಯೇ ಉಳಿಯಬೇಕು, ಪ್ರಕಾಶನ ಸಂಸ್ಥೆಗೆ ಪಾತ್ರಗಳ ಮೇಲೆ ಒಡೆತನ ಇರಕೂಡದು ಎಂಬುದು ಅದರ ಅಡಿಪಾಯ. ಅದೇ ವರ್ಷದ ಮೇ ತಿಂಗಳ ದಿನಾಂಕ ಹೊತ್ತು ಬಂದ ಸ್ಪಾನ್ ಮೊದಲ ಸಂಚಿಕೆ ಸುಮಾರು 17 ಲಕ್ಷ ಪ್ರತಿ ಮಾರಾಟವಾಯಿತು.

17 ಲಕ್ಷ ಪ್ರತಿ ಎಂದರೆ ಅಷ್ಟೊಂದು ಓದುಗರಿದ್ದರೇ?

ಇರಲಿಲ್ಲ. 90ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಕಾಮಿಕ್ ಪುಸ್ತಕಗಳನ್ನು ಹೂಡಿಕೆಯೆಂದು ಕೊಳ್ಳುವ ಭ್ರಮೆ ಹಬ್ಬಿತ್ತು. ಮುಂದೊಂದು ದಿನ ಬೆಲೆ ಏರುವುದೆಂಬ ಲೆಕ್ಕಾಚಾರದಲ್ಲಿ ಒಬ್ಬರೇ ಹಲವು ಪ್ರತಿಗಳನ್ನು ಕೊಂಡು ಪ್ಲಾಸ್ಟಿಕ್ ಹೊದಿಕೆಯಲ್ಲಿ ಕಟ್ಟಿಡುತ್ತಿದ್ದರು. ಲಕ್ಷಗಟ್ಟಲೆ ಪ್ರತಿಗಳಿರುವ ವಸ್ತು ಅಪರೂಪದ್ದಾಗಲಾರದು ಎಂಬ ಸರಳ ಸತ್ಯ ಅರಿವಾಗುವಷ್ಟರಲ್ಲಿ ಮಾರುಕಟ್ಟೆ ಕುಸಿಯಿತು, ಅಂಗಡಿಗಳು ಮುಚ್ಚಿದವು, 1996ರ ಕೊನೆಯಲ್ಲಿ ಮಾರ್ವೆಲ್ ಸಂಸ್ಥೆಯೇ ದಿವಾಳಿತನಕ್ಕೆ ಅರ್ಜಿ ಹಾಕಿತು. ಅದೇ ಕಾಲದಲ್ಲಿ ಅದೇ ಅಬ್ಬರದಲ್ಲಿ ಹುಟ್ಟಿದ ಬಹುಪಾಲು ಸರಣಿಗಳು ಹೇಳಹೆಸರಿಲ್ಲದಂತಾದವು. ಸ್ಪಾನ್ ಮಾತ್ರ ಉಳಿಯಿತು.

ಚಿತ್ರಶೈಲಿಯಲ್ಲಿ ಅಂಥದ್ದೇನಿತ್ತು?

ಮೊದಲು ಆ ಕೆಂಪು ಮೇಲಂಗಿಯನ್ನು ನೋಡಬೇಕು. ಬಟ್ಟೆಯ ನಿಯಮಗಳಿಗೆ ಅದು ಸ್ವಲ್ಪವೂ ಬಗ್ಗುವುದಿಲ್ಲ. ಒಂದು ಚೌಕಟ್ಟಿನಲ್ಲಿ ಭುಜದ ಮೇಲೆ ಸುಮ್ಮನೆ ಮಲಗಿರುವ ಮೇಲಂಗಿ ಮುಂದಿನ ಚೌಕಟ್ಟಿನಲ್ಲಿ ಪುಟದ ಅಂಚನ್ನೂ ದಾಟಿ ಹರಿದು, ಪಕ್ಕದ ಚಿತ್ರಗಳನ್ನು ಸುತ್ತಿಕೊಂಡು, ತುದಿಯಲ್ಲಿ ಉಗುರಿನಂತೆ ಚೂಪಾಗುತ್ತದೆ. ಕಥೆಯ ಪ್ರಕಾರ ಆ ಉಡುಗೆಗೆ ಜೀವವಿದೆ, ಅದು ಸ್ಪಾನ್‌ನನ್ನು ಕಾಯುತ್ತದೆ, ಕೆಲವೊಮ್ಮೆ ಆತನ ಮಾತನ್ನೂ ಮೀರುತ್ತದೆ. ಸ್ಪೈಡರ್‌ಮ್ಯಾನ್‌ನ ಬಲೆಯ ನೂಲನ್ನು ಗಂಟುಗಂಟಾಗಿ ಹೆಣೆದು ಬರೆದ ಅದೇ ಕೈ ಇಲ್ಲಿ ಸರಪಳಿಗಳನ್ನು ಬರೆದಿದೆ ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ.

ಬಣ್ಣದ ಕೊಡುಗೆಯೂ ಸಣ್ಣದಲ್ಲ. ಸ್ಟೀವ್ ಆಲಿಫ್ ಮತ್ತು ಅವರ ತಂಡ ಕಂಪ್ಯೂಟರ್ ಬಳಸಿ ಹಚ್ಚಿದ ಬಣ್ಣ ಅಂದಿನ ಸಾಮಾನ್ಯ ಕಾಮಿಕ್‌ಗಳ ಚಪ್ಪಟೆ ಬಣ್ಣದ ಪಕ್ಕದಲ್ಲಿ ಬೇರೆಯದೇ ಲೋಕದಂತೆ ಕಾಣುತ್ತಿತ್ತು. ಟಾಮ್ ಒರ್ಜೆಕೌಸ್ಕಿ ಅವರ ಅಕ್ಷರವಿನ್ಯಾಸ ಸ್ಪಾನ್‌ನ ಮಾತಿಗೇ ಒಂದು ಗೊಗ್ಗರು ದನಿ ಕೊಟ್ಟಿತು. ಆರಂಭದ ಸಂಚಿಕೆಗಳಲ್ಲಿ ಕಥೆಯ ನಡುವೆ ಮೂವರು ಟಿ.ವಿ. ನಿರೂಪಕರು ಬಂದು ಒಂದೇ ಸುದ್ದಿಯನ್ನು ಮೂರು ಬಗೆಯಾಗಿ ಹೇಳುವ ಪುಟಗಳಿವೆ, ಇವು ಇಂದಿಗೂ ಹಳತಾಗಿಲ್ಲ. ಬರವಣಿಗೆಯಾದರೋ ಚಿತ್ರದ ಮಟ್ಟಕ್ಕೆ ಏರಿರಲಿಲ್ಲ. ಚಿತ್ರವೇ ಹೇಳಿ ಮುಗಿಸಿದ್ದನ್ನು ಮತ್ತೆ ಉದ್ದುದ್ದ ವಾಕ್ಯಗಳಲ್ಲಿ ಹೇಳುವ ಚಾಳಿ ಮೊದಲ ಸಂಚಿಕೆಗಳ ತುಂಬ ಇದೆ.

8ರಿಂದ 11ರವರೆಗಿನ ಸಂಚಿಕೆಗಳನ್ನು ವಿಶೇಷವೆಂದು ಹೇಳುವುದೇಕೆ?

ಬರವಣಿಗೆ ಸಾಲದೆಂಬ ಟೀಕೆಗೆ ಮೆಕ್‌ಫಾರ್ಲೇನ್ ಕೊಟ್ಟ ಉತ್ತರ ಈ 4 ಸಂಚಿಕೆಗಳು. 1993ರಲ್ಲಿ ಅವರು ಅಂದಿನ ಹೆಸರಾಂತ 4 ಬರಹಗಾರರನ್ನು ಕರೆದು ಒಂದೊಂದು ಸಂಚಿಕೆ ಬರೆಸಿದರು: 8ನೆಯದನ್ನು ಅಲನ್ ಮೂರ್, 9ನೆಯದನ್ನು ನೀಲ್ ಗೇಮನ್, 10ನೆಯದನ್ನು ಡೇವ್ ಸಿಮ್, 11ನೆಯದನ್ನು ಫ್ರಾಂಕ್ ಮಿಲ್ಲರ್. ಮೂರ್ ಬರೆದ ಕಥೆಯಲ್ಲಿ ಸ್ಪಾನ್ ಮುಖ್ಯನೇ ಅಲ್ಲ. ಸತ್ತು ನರಕಕ್ಕೆ ಬಂದ ಬಿಲ್ಲಿ ಕಿಂಕೇಡ್‌ನ ಹಿಂದೆ ನಡೆಯುತ್ತ, ಆ ಲೋಕದ ವ್ಯವಸ್ಥೆಯನ್ನು ಅವನ ಕಣ್ಣಿನಿಂದಲೇ ತೋರಿಸುವ ಕಥೆ ಅದು.

ನಾನು ಹೆಚ್ಚು ಬೆಲೆ ಕೊಡುವುದು 10ನೇ ಸಂಚಿಕೆಗೆ. ಸ್ಪಾನ್ ಒಂದು ಸೆರೆಮನೆಗೆ ಬರುತ್ತಾನೆ. ಕಂಬಿಗಳ ನಡುವಿನಿಂದ ಹೊರಚಾಚಿದ ಕೈಗಳು ಕಾಣುತ್ತವೆ, ಮುಖ ಕಾಣುವುದಿಲ್ಲ. ಆದರೆ ತೋಳಿನ ಬಣ್ಣ ಮತ್ತು ಉಡುಗೆಯ ಅಂಚು ನೋಡಿದರೆ ಅವು ಪ್ರಪಂಚವೇ ಬಲ್ಲ ಸೂಪರ್‌ಹೀರೋಗಳ ಕೈಗಳೆಂದು ತಿಳಿಯುತ್ತದೆ. ಅವರನ್ನು ಸೃಷ್ಟಿಸಿದವರು ಮುಖ ಮುಚ್ಚಿಸಿಕೊಂಡು ಬಂಧನದಲ್ಲಿದ್ದಾರೆ. ಹಕ್ಕು ಮಾರಿಕೊಂಡ ಕಲಾವಿದರ ಸ್ಥಿತಿಯನ್ನು ಇಷ್ಟು ನೇರವಾಗಿ ಹೇಳಿದ ಇನ್ನೊಂದು ಸೂಪರ್‌ಹೀರೋ ಕಾಮಿಕ್ ನನಗೆ ತಿಳಿದಿಲ್ಲ. ಹಲವು ಸಂಗ್ರಹ ಸಂಪುಟಗಳಲ್ಲಿ ಈ ಸಂಚಿಕೆ ಸೇರಿಲ್ಲವಾದ್ದರಿಂದ ಅದನ್ನು ಬಿಡಿಯಾಗಿಯೇ ಹುಡುಕಿ ಓದಬೇಕಾಗುತ್ತದೆ.

ಆಂಜೆಲಾ ಪಾತ್ರದ ಮೊಕದ್ದಮೆ ಏನು? ಅದು ಸರಣಿಯ ಮೇಲೆ ಮಾಡಿದ ಪರಿಣಾಮವೇನು?

9ನೇ ಸಂಚಿಕೆಯಲ್ಲಿ ಗೇಮನ್ 3 ಹೊಸ ಪಾತ್ರಗಳನ್ನು ತಂದರು: ಸ್ಪಾನ್‌ಗಳನ್ನು (ಅಂದರೆ ನರಕ ಭೂಮಿಗೆ ಕಳಿಸುವ ಇಂಥ ಯೋಧರನ್ನು) ಬೇಟೆಯಾಡುವ ದೇವದೂತೆ ಆಂಜೆಲಾ, ಶತಮಾನಗಳ ಹಿಂದೆ ಬದುಕಿದ್ದ ಮಧ್ಯಯುಗದ ಸ್ಪಾನ್, ಮತ್ತು ಗಲ್ಲಿಯ ಮುದುಕನ ವೇಷದಲ್ಲಿದ್ದು ಸ್ಪಾನ್‌ಗೆ ದಾರಿ ತೋರುವ ಕಾಗ್ಲಿಯೋಸ್ಟ್ರೋ. ಈ ಸಂಚಿಕೆಗಾಗಿ ಅವರಿಗೆ 1 ಲಕ್ಷ ಡಾಲರ್ ಸಂದಿತು. ಆದರೆ ಪಾತ್ರಗಳ ಹಕ್ಕಿನ ಬಗ್ಗೆ ಲಿಖಿತ ಕರಾರು ಇರಲಿಲ್ಲ, ದೊಡ್ಡ ಸಂಸ್ಥೆಗಳಿಗಿಂತ ಚೆನ್ನಾಗಿ ನಡೆಸಿಕೊಳ್ಳುವೆನೆಂಬ ಬಾಯಿಮಾತಿನ ಭರವಸೆ ಮಾತ್ರ ಇತ್ತು. ಮುಂದೆ ಆ ಪಾತ್ರಗಳು ಆಟಿಕೆಗಳಾದವು, ಮರುಮುದ್ರಣಗೊಂಡವು, ಸರಣಿಯ ಉದ್ದಕ್ಕೂ ಬಂದವು. ತನಗೆ ಸಲ್ಲಬೇಕಾದ್ದು ಸಲ್ಲುತ್ತಿಲ್ಲವೆಂದು ಗೇಮನ್ 2002ರಲ್ಲಿ ಮೊಕದ್ದಮೆ ಹೂಡಿದರು. ವಿಸ್ಕಾನ್ಸಿನ್‌ನಲ್ಲಿ ಜ್ಯೂರಿ ಅವರ ಪರವಾಗಿ ತೀರ್ಪು ಕೊಟ್ಟಿತು, 2004ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಮೇಲ್ಮನವಿಯ ತೀರ್ಪನ್ನು ಬರೆದವರು ನ್ಯಾಯಾಧೀಶ ರಿಚರ್ಡ್ ಪೋಸ್ನರ್. ಒಬ್ಬರು ಮಾತಿನಲ್ಲಿ ಕಲ್ಪಿಸಿದ ಪಾತ್ರಕ್ಕೆ ಇನ್ನೊಬ್ಬರು ರೇಖೆಯಲ್ಲಿ ರೂಪ ಕೊಟ್ಟಾಗ, ಒಬ್ಬೊಬ್ಬರ ಪಾಲನ್ನು ಬಿಡಿಸಿ ನೋಡಿದರೆ ಹಕ್ಕುಸ್ವಾಮ್ಯಕ್ಕೆ ಸಾಲದೆ ಹೋಗಬಹುದಾದರೂ, ಕೂಡಿ ಹುಟ್ಟಿದ ಪಾತ್ರಕ್ಕೆ ಇಬ್ಬರೂ ಒಡೆಯರೇ ಎಂಬುದು ಅದರ ಸಾರ. ಕಾಮಿಕ್ ಕಲೆಯ ಸ್ವರೂಪವನ್ನು ಇಷ್ಟು ಚೆನ್ನಾಗಿ ಅರಿತು ಬರೆದ ತೀರ್ಪು ಅಪರೂಪ. 2010ರಲ್ಲಿ ಇನ್ನೂ ಕೆಲವು ಪಾತ್ರಗಳು ಗೇಮನ್ ಪಾತ್ರಗಳಿಂದಲೇ ಹುಟ್ಟಿದವೆಂಬ ತೀರ್ಪು ಬಂತು, 2012ರಲ್ಲಿ ಇಬ್ಬರೂ ರಾಜಿಯಾದರು. ಆಂಜೆಲಾ ಗೇಮನ್ ಪಾಲಿಗೆ ಬಂದಳು, 2013ರಲ್ಲಿ ಮಾರ್ವೆಲ್ ಕಾಮಿಕ್‌ಗಳಲ್ಲಿ ಕಾಣಿಸಿಕೊಂಡಳು.

ಸೃಷ್ಟಿಕರ್ತರ ಹಕ್ಕಿಗಾಗಿ ಮಾರ್ವೆಲ್ ತೊರೆದು ಬಂದವರ ಸರಣಿಯಲ್ಲಿ ಹುಟ್ಟಿದ ಪಾತ್ರ, ಹಕ್ಕಿನ ಜಗಳದಿಂದಲೇ ಮಾರ್ವೆಲ್ ಮನೆ ಸೇರಿತು. ಮೆಕ್‌ಫಾರ್ಲೇನ್ ಅವರ ಕೆಲಸವನ್ನು ಮನಸಾರೆ ಮೆಚ್ಚುವ ನನಗೆ ಇದನ್ನು ಬರೆಯುವುದು ಸುಲಭವಲ್ಲ, ಆದರೆ ಈ ಪ್ರಕರಣದಲ್ಲಿ ನ್ಯಾಯ ಗೇಮನ್ ಕಡೆಗಿತ್ತು. ಸ್ಪಾನ್‌ನ ಇತಿಹಾಸವನ್ನು ಇದನ್ನು ಬಿಟ್ಟು ಹೇಳುವುದು ಪ್ರಾಮಾಣಿಕತೆಯಾಗಲಾರದು.

ಬೇರೆ ಮೊಕದ್ದಮೆಗಳೂ ಇದ್ದವೇ?

ಇದ್ದವು. ಸರಣಿಯಲ್ಲಿನ ಮಾಫಿಯಾ ಮುಖಂಡನೊಬ್ಬನ ಹೆಸರು ತನ್ನದೇ ಎಂದು ಐಸ್ ಹಾಕಿ ಆಟಗಾರ ಟೋನಿ ಟ್ವಿಸ್ಟ್ ಮೊಕದ್ದಮೆ ಹೂಡಿದ್ದರು. 2004ರಲ್ಲಿ ಜ್ಯೂರಿ 1.5 ಕೋಟಿ ಡಾಲರ್ ಪರಿಹಾರ ವಿಧಿಸಿತು, ಆ ವರ್ಷದ ಡಿಸೆಂಬರ್‌ನಲ್ಲಿ ಟಾಡ್ ಮೆಕ್‌ಫಾರ್ಲೇನ್ ಪ್ರೊಡಕ್ಷನ್ಸ್ ದಿವಾಳಿ ಕಾನೂನಿನ ರಕ್ಷಣೆ ಕೋರಿತು. ಪ್ರಕರಣ 2007ರಲ್ಲಿ ರಾಜಿಯಲ್ಲಿ ಮುಗಿಯಿತು.

ಆಲ್ ಸಿಮನ್ಸ್‌ನನ್ನು ಕೊಂದವರು ಯಾರೆಂಬುದಕ್ಕೆ ಎರಡು ಉತ್ತರಗಳು ಸಿಗುವುದೇಕೆ?

ಇದೂ ಹಕ್ಕಿನ ಪ್ರಶ್ನೆಯೇ. ಮೊದಲು ಕೊಲೆಗಾರನೆಂದು ತೋರಿಸಿದ್ದು ಚಾಪೆಲ್‌ನನ್ನು, ಆ ಪಾತ್ರ ರಾಬ್ ಲೀಫೆಲ್ಡ್ ಅವರದು. ಅವರು 1996ರಲ್ಲಿ ಇಮೇಜ್‌ನಿಂದ ಹೊರನಡೆದಾಗ ತಮ್ಮ ಪಾತ್ರಗಳನ್ನೂ ಜೊತೆಗೊಯ್ದರು. ಹಾಗಾಗಿ ಕಥೆಯನ್ನು ತಿದ್ದಿ, ಕೊಂದವಳು ಜೆಸಿಕಾ ಪ್ರೀಸ್ಟ್ ಎಂದು ಹೇಳಲಾಯಿತು. ಅದೇ ಜೆಸಿಕಾ ದಶಕಗಳ ನಂತರ ಶೀ-ಸ್ಪಾನ್ ಆಗಿ ಬೆಳೆದದ್ದು ಅನಿವಾರ್ಯದ ತಿದ್ದುಪಡಿಯೂ ಕೆಲವೊಮ್ಮೆ ಕಥೆಗೆ ಒದಗಿಬರುತ್ತದೆ ಎಂಬುದನ್ನು ತೋರಿಸುತ್ತದೆ.

ಗ್ರೆಗ್ ಕಪುಲೊ ಬಂದ ಮೇಲೆ ಏನು ಬದಲಾಯಿತು?

ಗ್ರಾಂಟ್ ಮಾರಿಸನ್ ಬರೆದ 16ರಿಂದ 18ರವರೆಗಿನ ಸಂಚಿಕೆಗಳಿಗೆ ಚಿತ್ರ ಬರೆಯಲು ಬಂದ ಕಪುಲೊ, ಅಲ್ಲಿಂದ 100ನೇ ಸಂಚಿಕೆಯವರೆಗೂ ಸರಣಿಯ ಮುಖ್ಯ ಚಿತ್ರಕಾರರಾದರು. ಮೆಕ್‌ಫಾರ್ಲೇನ್ ಬೆರಗು ಹುಟ್ಟಿಸುವ ಒಂದು ದೊಡ್ಡ ಚಿತ್ರಕ್ಕಾಗಿ ಇಡೀ ಪುಟವನ್ನು ಮೀಸಲಿಡುತ್ತಿದ್ದರು. ಕಪುಲೊ ಆ ಬೆರಗನ್ನು ಬಿಟ್ಟುಕೊಡದೆ ಮುಖಭಾವಕ್ಕೆ, ಮೌನಕ್ಕೆ, ಕಥೆಯ ಓಟಕ್ಕೆ ಗಮನ ಕೊಟ್ಟರು. ದಢೂತಿ ಪತ್ತೇದಾರ ಸ್ಯಾಮ್ ಮತ್ತು ಕಡ್ಡಿಯಂತಹ ಸಂಗಾತಿ ಟ್ವಿಚ್ ಬರಿಯ ಹಾಸ್ಯದ ಜೋಡಿಯಾಗಿ ಉಳಿಯದೆ ಓದುಗರ ಆಪ್ತರಾದದ್ದು ಈ ಅವಧಿಯಲ್ಲಿ. ಗಲ್ಲಿಯ ನಿರ್ಗತಿಕರಿಗೂ ಒಬ್ಬೊಬ್ಬರಿಗೆ ಒಂದೊಂದು ಮುಖ ಬಂತು. ಸರಣಿಯ ಅತ್ಯುತ್ತಮ ಕಾಲ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. 2000ದಲ್ಲಿ ಬಂದ 100ನೇ ಸಂಚಿಕೆಯಲ್ಲಿ ಆಂಜೆಲಾ ಸಾಯುತ್ತಾಳೆ, ಸ್ಪಾನ್ ಮಾಲೆಬೋಲ್ಜಿಯಾನನ್ನು ಕೊಲ್ಲುತ್ತಾನೆ.

ಒಪ್ಪಂದ ಮಾಡಿಸಿಕೊಂಡವನೇ ಸತ್ತ ಮೇಲೆ ಕಥೆ ಮುಂದುವರಿದದ್ದು ಹೇಗೆ?

ಕಷ್ಟಪಟ್ಟು ಮುಂದುವರಿಯಿತು. ಸೇಡು ತೀರಿದ ಮೇಲೆ ಪಾತ್ರಕ್ಕೆ ಗುರಿ ಬೇಕು, ಅದನ್ನು ಹುಡುಕುವುದರಲ್ಲಿಯೇ ಹಲವು ಸಂಚಿಕೆಗಳು ಕಳೆದವು. ಕಥೆಗೆ ಮತ್ತೆ ಬಿಗಿ ಬಂದದ್ದು 150ನೇ ಸಂಚಿಕೆಯಿಂದ ಬರವಣಿಗೆ ವಹಿಸಿಕೊಂಡ ಡೇವಿಡ್ ಹೈನ್ ಅವರಿಂದ. ಅವರು ಕಥೆಯನ್ನು ಸ್ವರ್ಗ ನರಕಗಳ ಅಂತಿಮ ಯುದ್ಧದವರೆಗೆ ಒಯ್ದರು. ಆದರೆ ಅವರ ದೊಡ್ಡ ಕೊಡುಗೆ ಆ ಯುದ್ಧವಲ್ಲ, ಆಲ್ ಸಿಮನ್ಸ್‌ನ ದಾಂಪತ್ಯವನ್ನು ಮತ್ತೆ ತೆರೆದು ನೋಡಿದ್ದು. ವಾಂಡಾಳ ಮೇಲಿನ ಪ್ರೀತಿಗಾಗಿ ಆತ್ಮವನ್ನೇ ಕೊಟ್ಟೆನೆಂದು ನಂಬಿದ್ದವನು ಬದುಕಿದ್ದಾಗ ಅವಳ ಮೇಲೆ ಕೈಯೆತ್ತಿದ್ದನೆಂದು ಅಲ್ಲಿ ಬಯಲಾಗುತ್ತದೆ. ನೂರೈವತ್ತು ಸಂಚಿಕೆಗಳಿಂದ ಓದುಗರು ಮರುಕಪಟ್ಟಿದ್ದ ಮನುಷ್ಯ ತನ್ನ ನೆನಪನ್ನೇ ತನಗೆ ಬೇಕಾದಂತೆ ತಿದ್ದಿಕೊಂಡಿದ್ದ. ಆಂಟಿ ಹೀರೋ ಎಂಬ ಮಾತಿಗೆ ಈ ಸರಣಿಯಲ್ಲಿ ಪೂರ್ತಿ ಅರ್ಥ ಬಂದದ್ದು ಇಲ್ಲಿ.

ಆಲ್ ಸಿಮನ್ಸ್ ಬದಲು ಬೇರೊಬ್ಬ ಸ್ಪಾನ್ ಆದದ್ದು ನಿಜವೇ?

ನಿಜ. 2008ರಲ್ಲಿ ಬಂದ 185ನೇ ಸಂಚಿಕೆಯಲ್ಲಿ ಆಲ್ ಸಿಮನ್ಸ್ ತನ್ನ ಬದುಕನ್ನು ತಾನೇ ಕೊನೆಗೊಳಿಸುತ್ತಾನೆ, ಕೋಮಾದಲ್ಲಿದ್ದ ಜಿಮ್ ಡೌನಿಂಗ್ ಎಂಬಾತ ಎಚ್ಚೆತ್ತು ಹೊಸ ಸ್ಪಾನ್ ಆಗುತ್ತಾನೆ. ತನ್ನ ಹಿಂದಿನ ಬದುಕೇನೆಂದು ಡೌನಿಂಗ್‌ಗೆ ತಿಳಿಯದು. 200ರ ನಂತರದ ಸಂಚಿಕೆಗಳಲ್ಲಿ ಷಿಮೊನ್ ಕುದ್ರಾನ್ಸ್ಕಿ ಬರೆದ ನೆರಳು ತುಂಬಿದ ಚಿತ್ರಗಳು ಆ ಅನಿಶ್ಚಯಕ್ಕೆ ಚೆನ್ನಾಗಿ ಹೊಂದಿದವು. ಆದರೂ ಓದುಗರ ಮನಸ್ಸು ಹಳೆಯವನನ್ನು ಮರೆಯಲಿಲ್ಲ, 250ನೇ ಸಂಚಿಕೆಯ ಹೊತ್ತಿಗೆ ಆಲ್ ಸಿಮನ್ಸ್ ಮರಳಿದ.

ಚಲನಚಿತ್ರ ಮತ್ತು ಅನಿಮೇಷನ್ ಸರಣಿಗಳು ಹೇಗಿವೆ?

1997ರ ಆಗಸ್ಟ್‌ನಲ್ಲಿ ಬಂದ ಚಿತ್ರದಲ್ಲಿ ಮೈಕಲ್ ಜೈ ವೈಟ್ ಸ್ಪಾನ್ ಆಗಿ, ಜಾನ್ ಲೆಗ್ವಿಜಾಮೊ ವಿದೂಷಕನ ವೇಷದ ರಾಕ್ಷಸ ವಯೋಲೇಟರ್ ಆಗಿ ನಟಿಸಿದ್ದಾರೆ. ದೊಡ್ಡ ಕಾಮಿಕ್ ಚಿತ್ರವೊಂದರಲ್ಲಿ ಕಪ್ಪುವರ್ಣೀಯ ನಾಯಕ ಆಗ ಅಪರೂಪವಾಗಿದ್ದರಿಂದ ಅದಕ್ಕೊಂದು ಮಹತ್ವವಿದೆ, ಚಿತ್ರವಾಗಿ ಅದು ದುರ್ಬಲ. ಅದೇ ವರ್ಷ ಎಚ್‌ಬಿಒ ವಾಹಿನಿಯಲ್ಲಿ ಶುರುವಾಗಿ 1999ರವರೆಗೆ 18 ಕಂತುಗಳಲ್ಲಿ ಬಂದ ಅನಿಮೇಷನ್ ಸರಣಿಯ ಮಟ್ಟವೇ ಬೇರೆ. ಕೀತ್ ಡೇವಿಡ್ ಅವರ ಆಳವಾದ ಕಂಠ ಕೇಳಿದ ಮೇಲೆ ಸ್ಪಾನ್‌ನ ಮಾತನ್ನು ಬೇರೆ ದನಿಯಲ್ಲಿ ಓದಿಕೊಳ್ಳುವುದು ಕಷ್ಟ. ಅದಕ್ಕೆ ಎಮ್ಮಿ ಪ್ರಶಸ್ತಿಯೂ ಬಂದಿದೆ. 1994ರಲ್ಲಿ ಮೆಕ್‌ಫಾರ್ಲೇನ್ ಆರಂಭಿಸಿದ ಆಟಿಕೆ ಸಂಸ್ಥೆ ತನ್ನ ಸೂಕ್ಷ್ಮ ಕೆತ್ತನೆಯಿಂದ ಆ ಉದ್ಯಮದ ಗುಣಮಟ್ಟವನ್ನೇ ಏರಿಸಿತು.

ಸರಣಿ ಈಗ ಯಾವ ಹಂತದಲ್ಲಿದೆ?

2019ರಲ್ಲಿ 300 ದಾಟಿ 301ನೇ ಸಂಚಿಕೆ ಬಂದಾಗ, ಸೃಷ್ಟಿಕರ್ತನ ಒಡೆತನದಲ್ಲಿಯೇ ಅತಿ ದೀರ್ಘಕಾಲ ನಡೆದ ಸೂಪರ್‌ಹೀರೋ ಕಾಮಿಕ್ ಎಂಬ ಗಿನ್ನೆಸ್ ದಾಖಲೆ ಸ್ಪಾನ್‌ಗೆ ಸಂದಿತು. 2021ರಿಂದ ಕಿಂಗ್ ಸ್ಪಾನ್, ಗನ್‌ಸ್ಲಿಂಗರ್ ಸ್ಪಾನ್, ದಿ ಸ್ಕಾರ್ಚ್ಡ್ ಎಂಬ ಜೊತೆ ಸರಣಿಗಳು ಹೊರಬಂದವು. ಓದುಗರ ಬಳಗ ಇದರಿಂದ ಹಿಗ್ಗಿದೆ ನಿಜ. ಆದರೆ ಸ್ಪಾನ್‌ಗಳ ಸಂಖ್ಯೆ ಹೆಚ್ಚಿದಂತೆ ಗಲ್ಲಿಯಲ್ಲಿ ಒಂಟಿಯಾಗಿ ಕೂತಿದ್ದವನ ಒಂಟಿತನ ತೆಳುವಾಗುತ್ತಿದೆ ಎಂಬ ಕಳವಳವೂ ನನಗಿದೆ.

ಎಲ್ಲಿಂದ ಓದಲು ಶುರು ಮಾಡಬೇಕು? ಮಕ್ಕಳಿಗೆ ಕೊಡಬಹುದೇ?

ಮಕ್ಕಳಿಗೆ ಖಂಡಿತ ಕೊಡಬಾರದು. ಹಿಂಸೆಯನ್ನೂ ಮಕ್ಕಳ ಮೇಲಿನ ದೌರ್ಜನ್ಯವನ್ನೂ ಈ ಸರಣಿ ಮುಚ್ಚುಮರೆಯಿಲ್ಲದೆ ತೋರಿಸುತ್ತದೆ. ದೊಡ್ಡವರು ಮೊದಲ 11 ಸಂಚಿಕೆಗಳನ್ನು ಕ್ರಮವಾಗಿ ಓದಿ, ಅಲ್ಲಿಂದ ಕಪುಲೊ ಅವಧಿಗೆ ಹೋಗುವುದು ಒಳ್ಳೆಯದು. ಮೊದಲ 50 ಸಂಚಿಕೆಗಳನ್ನು ಒಟ್ಟಿಗೆ ತಂದಿರುವ ದಪ್ಪ ಸಂಪುಟ ಕೈಗೆ ಸಿಕ್ಕರೆ ಅನುಕೂಲ. 100ರ ನಂತರ ಬೇಸರವೆನಿಸಿದವರು ಓದು ನಿಲ್ಲಿಸದೆ ನೇರವಾಗಿ 150ಕ್ಕೆ ಬರಬಹುದು. ಹೈನ್ ಬರೆದ ಭಾಗ ಮುಗಿದ ಮೇಲೆ ಮತ್ತೆ ಮೊದಲ ಸಂಚಿಕೆ ತೆರೆದು, ಸ್ಪಾನ್ ವಾಂಡಾಳನ್ನು ನೆನೆಯುವ ಪುಟಗಳನ್ನು ಓದಿ ನೋಡಿ. ಚಿತ್ರಗಳು ಅವೇ, ಮಾತುಗಳೂ ಅವೇ, ಆದರೆ ಅಲ್ಲಿ ಮಾತಾಡುತ್ತಿರುವವನನ್ನು ಎಷ್ಟು ನಂಬಬೇಕೆಂಬುದು ಈ ಬಾರಿ ಓದುಗರಿಗೆ ಬಿಟ್ಟದ್ದು.